ಮೆಷಿನ್ ನಿಂತಾಗ ಮೊದಲ ಪ್ರಶ್ನೆ: ಕರೆಂಟಾ, ಎಣ್ಣೆಯಾ?

ಬನಶಂಕರಿ ಅಂದರೆ ಊರಿನಿಂದ ಬಂದವರಿಗೆ ನೆನಪಾಗುವುದು ಕನಕಪುರ ರಸ್ತೆಯ ದೇವಸ್ಥಾನ, ಪಕ್ಕದ ದೊಡ್ಡ ಬಸ್ ನಿಲ್ದಾಣ, 2017ರ ಜೂನ್‌ನಲ್ಲಿ ಓಡಾಟ ಶುರು ಮಾಡಿದ ಹಸಿರು ಮಾರ್ಗದ ಮೆಟ್ರೋ. ಅದೇ ರಸ್ತೆಯಲ್ಲಿ ಸಾರಕ್ಕಿ ಸಿಗ್ನಲ್, ಜರಗನಹಳ್ಳಿ ದಾಟಿ ಯಲಚೇನಹಳ್ಳಿಯ ಹತ್ತಿರ ಒಳರಸ್ತೆಗೆ ತಿರುಗಿದರೆ ಇನ್ನೊಂದು ಲೋಕ ಉಂಟು. ತಗಡಿನ ಮಾಡು, ಅರ್ಧ ಎತ್ತಿದ ಶಟರ್, ಒಳಗೆ ತಗಡು ಬಗ್ಗಿಸುವ ಪ್ರೆಸ್, ಪ್ಲಾಸ್ಟಿಕ್ ಮೋಲ್ಡಿಂಗ್ ಮೆಷಿನ್, ಸಣ್ಣ ಪುಟ್ಟ ಬಿಡಿಭಾಗ ಒತ್ತುವ ಯಂತ್ರ. ಯಾರಬ್ ನಗರ, ಇಲ್ಯಾಸ್ ನಗರದ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಶೆಡ್ಡುಗಳ ಸಂಬಳದಿಂದ.

ನಮ್ಮ ಬ್ಯಾರಿಗಳು ಬೆಂಗಳೂರಿಗೆ ಬಂದದ್ದು ಹೆಚ್ಚಾಗಿ ಹೋಟೆಲ್, ಬೇಕರಿ, ಅಂಗಡಿ ವ್ಯಾಪಾರಕ್ಕೆ. ಈಗ ಐಟಿಐ ಮುಗಿಸಿದ ಹುಡುಗರು ಈ ಶೆಡ್ಡುಗಳಿಗೂ ಬರ್ತಿದ್ದಾರೆ. ಮದ್ರಸದಲ್ಲಿ ನಮ್ಮ ಮುಂದೆ ಕೂತು ಓದಿದ ಹುಡುಗ ನಾಲ್ಕು ವರ್ಷ ಕಳೆದ ಮೇಲೆ ಕೈಯಲ್ಲಿ ಟೆಸ್ಟರ್ ಹಿಡಿದು ಸಿಗ್ತಾನೆ. ಅವರ ಕೆಲಸ ಏನು, ಅದರಲ್ಲಿ ಜಾಣ್ಮೆ ಎಲ್ಲಿದೆ, ಅಪಾಯ ಎಲ್ಲಿದೆ ಅಂತ ಮನೆಯವರಿಗೆ ಗೊತ್ತಿರುವುದು ಕಡಿಮೆ. ಹೈಡ್ರಾಲಿಕ್ ಮೆಷಿನ್‌ಗಳ ವಿದ್ಯುತ್ ದೋಷ ಹುಡುಕುವ ಕೆಲಸದಲ್ಲೇ ತಲೆ ಹಣ್ಣಾದ ಒಬ್ಬ ಹಿರಿಯರು ಈ ಕಡೆ ಇದ್ದಾರೆ. ಚಿಕ್ಕವರೆಲ್ಲ ಅವರನ್ನು ‘ಕಾಕ’ ಅಂತಲೇ ಕರೆಯುವುದು. ಅವರಿಂದ ಕೇಳಿ ತಿಳಿದದ್ದನ್ನು ಮನೆಮಂದಿಗೆ ಅರ್ಥವಾಗುವ ಹಾಗೆ ಇಲ್ಲಿ ಬರೆದಿದ್ದೇನೆ.

ಎಣ್ಣೆ ತೋಳು, ಕರೆಂಟು ನರ

ಹೈಡ್ರಾಲಿಕ್ ಅಂದರೆ ದ್ರವದ ಒತ್ತಡದಿಂದ ಕೆಲಸ ಮಾಡಿಸುವುದು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬವನು ಇಂಥ ಪ್ರೆಸ್ಸಿಗೆ 1795ರಲ್ಲೇ ಪೇಟೆಂಟ್ ಪಡೆದಿದ್ದ. ಈಗಿನ ಮೆಷಿನ್‌ನಲ್ಲಿ ಮೋಟಾರು ಪಂಪನ್ನು ತಿರುಗಿಸ್ತದೆ. ಪಂಪು ಟ್ಯಾಂಕಿಯ ಎಣ್ಣೆಯನ್ನು ಒತ್ತಡದಲ್ಲಿ ತಳ್ಳುತ್ತದೆ. ವಾಲ್ವ್ ಆ ಎಣ್ಣೆಗೆ ದಾರಿ ತೋರಿಸ್ತದೆ. ಸಿಲಿಂಡರ್ ಮೇಲೆ ಕೆಳಗೆ ಹೋಗ್ತದೆ.

ಬಲ ಎಷ್ಟು ಅಂತ ಲೆಕ್ಕ ಹಾಕಿ ನೋಡಿ. 100 ಮಿಲಿಮೀಟರ್ ವ್ಯಾಸದ ಸಿಲಿಂಡರಿನ ಮುಖ ಸುಮಾರು 78 ಚದರ ಸೆಂಟಿಮೀಟರ್. ಎಣ್ಣೆಯ ಒತ್ತಡ 100 ಬಾರ್ ಇದ್ದರೆ, ಪ್ರತಿ ಚದರ ಸೆಂಟಿಮೀಟರಿಗೆ ನೂರು ಕಿಲೋಗಿಂತ ಸ್ವಲ್ಪ ಹೆಚ್ಚು. ಒಟ್ಟು ಎಂಟು ಟನ್! ನಮ್ಮ ಅಂಗೈಯಷ್ಟೇ ಅಗಲದ ಪಿಸ್ಟನ್ ಮೇಲೆ ತುಂಬಿದ ಸಣ್ಣ ಲಾರಿಯ ಭಾರ.

ಜೆಸಿಬಿಯ ತೋಳು, ಗ್ಯಾರೇಜಿನಲ್ಲಿ ಕಾರು ಎತ್ತುವ ಲಿಫ್ಟ್, ಬೀದಿಯ ಕಸ ಒತ್ತಿ ತುಂಬಿಸುವ ಲಾರಿ, ಊರ ಕಡೆ ಪ್ಲೈವುಡ್ ಮಾಡುವ ಹಾಟ್ ಪ್ರೆಸ್, ಎಲ್ಲವೂ ಇದೇ ಜಾತಿ.

ಈ ತೋಳಿಗೆ ‘ಈಗ ಇಳಿ, ಈಗ ನಿಲ್ಲು’ ಅಂತ ಹೇಳುವುದು ಕರೆಂಟು. ವಾಲ್ವಿನ ತಲೆಯ ಮೇಲೆ ಸೊಲೆನಾಯ್ಡ್ ಕಾಯಿಲ್ ಇರ್ತದೆ. ತಂತಿ ಸುತ್ತಿದ ಒಂದು ವಿದ್ಯುತ್ ಅಯಸ್ಕಾಂತ ಅದು. ಗುಂಡಿ ಒತ್ತಿದರೆ ಪ್ಯಾನಲ್‌ನಿಂದ 24 ವೋಲ್ಟ್ ಡಿಸಿ, ಹಳೆಯ ಮೆಷಿನ್ ಆದರೆ 110 ಅಥವಾ 230 ವೋಲ್ಟ್ ಎಸಿ ಕರೆಂಟು ಆ ಕಾಯಿಲಿಗೆ ಬರ್ತದೆ. ಕಾಯಿಲ್ ಒಳಗಿನ ಕಬ್ಬಿಣದ ಕಡ್ಡಿಯನ್ನು ಎಳೆಯುತ್ತದೆ. ಅದು ಸ್ಪೂಲ್ ಎಂಬ ಸಣ್ಣ ಉಕ್ಕಿನ ದಂಡವನ್ನು ತಳ್ಳುತ್ತದೆ, ಎಣ್ಣೆಯ ದಾರಿ ತೆರೆಯುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಮೆಷಿನ್ ನಿಂತಿತು.

ಬೆಂಗಳೂರಿಗೆ ಈ ವಿದ್ಯೆ ಹೊಸತಲ್ಲ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂತು. 1976ರಲ್ಲಿ ಜಪಾನಿನ ಸಹಯೋಗದಲ್ಲಿ ಹೈಡ್ರಾಲಿಕ್ ಪಂಪು, ವಾಲ್ವು ಮಾಡುವ ಯೂಕೆನ್ ಇಂಡಿಯಾ ಸ್ಥಾಪನೆಯಾಯ್ತು. ಪೀಣ್ಯದಂಥ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಕಲಿತವರು ನಗರದ ಮೂಲೆಮೂಲೆಗೂ ಹರಡಿದರು. ಬನಶಂಕರಿ ಕಡೆಯ ಸಣ್ಣ ಶೆಡ್ಡುಗಳಲ್ಲಿ ಕಾಣುವುದು ಅದೇ ವಿದ್ಯೆಯ ತುದಿ.

ಕೈ ಹಾಕುವ ಮೊದಲು

ಮೆಷಿನ್ ನಿಂತರೆ ದಿನದ ಕೂಲಿ ನಿಂತಿತು, ಮಾಲು ಕೊಡುವ ದಿನ ತಪ್ಪಿತು. ಮಾಲಕರು ತಲೆ ಮೇಲೆ ನಿಂತಿರ್ತಾರೆ. ಈ ಅವಸರವೇ ದೊಡ್ಡ ಶತ್ರು ಅಂತಾರೆ ಕಾಕ.

ದೋಷ ಎಲ್ಲಿ ಅಂತ ಹುಡುಕುವ ಮೊದಲು ಆಪರೇಟರನ್ನು ಕೂರಿಸಿ ಮಾತಾಡಿಸಬೇಕು. ಯಾವಾಗ ನಿಂತಿತು? ಒಮ್ಮೆಲೇ ನಿಂತಿತಾ, ನಿಧಾನ ಆಗುತ್ತಾ ನಿಂತಿತಾ? ಸುಟ್ಟ ವಾಸನೆ ಬಂತಾ? ನಿನ್ನೆ ಯಾರಾದರೂ ಏನಾದರೂ ಬದಲಾಯಿಸಿದರಾ? “ಉಸ್ತಾದರೇ, ಅರ್ಧ ದೋಷ ಇಲ್ಲೇ ಸಿಕ್ಕಿಬಿಡ್ತದೆ. ಎಮರ್ಜೆನ್ಸಿ ಗುಂಡಿ ಒತ್ತಿಯೇ ಉಳಿದಿರ್ತದೆ, ಇಲ್ಲಾ ಗಾರ್ಡಿನ ಬಾಗಿಲು ಒಂದು ಬೆರಳಷ್ಟು ತೆರೆದಿರ್ತದೆ. ಅದನ್ನು ನೋಡದೆ ಪ್ಯಾನಲ್ ಬಿಚ್ಚಿದವರು ಎಷ್ಟು ಜನ ಇಲ್ಲ!” ಅಂದರು ಅವರು.

ಬಿಚ್ಚಲೇಬೇಕಾದರೆ ಮೊದಲು ಮೇನ್ ಸ್ವಿಚ್ ಇಳಿಸಿ ಬೀಗ ಹಾಕಿ, ಬೀಗದ ಕೀ ತನ್ನ ಜೇಬಿನಲ್ಲೇ ಇರಬೇಕು. ಇದಿಷ್ಟೇ ಸಾಲದು. ಕರೆಂಟು ಹೋದ ಮಾತ್ರಕ್ಕೆ ಎಣ್ಣೆಯ ಒತ್ತಡ ಹೋಗುವುದಿಲ್ಲ. ಮೇಲೆ ನಿಂತ ರ‍್ಯಾಮ್ ತನ್ನ ಭಾರಕ್ಕೇ ಕೆಳಗೆ ಜಾರಬಹುದು. ಹಾಗಾಗಿ ಅದನ್ನು ಪೂರ್ತಿ ಕೆಳಗೆ ಇಳಿಸಬೇಕು, ಆಗದಿದ್ದರೆ ಅಡಿಗೆ ಗಟ್ಟಿಯಾದ ಉಕ್ಕಿನ ಆಧಾರ ಕೊಡಬೇಕು. ಅಕ್ಯುಮುಲೇಟರ್ ಇರುವ ಮೆಷಿನ್‌ನಲ್ಲಿ ಅದರೊಳಗಿನ ಒತ್ತಡವನ್ನು ಬಿಡಿಸಿ, ಗೇಜಿನ ಮುಳ್ಳು ಸೊನ್ನೆಗೆ ಬಂದದ್ದನ್ನು ಕಣ್ಣಲ್ಲಿ ನೋಡಬೇಕು.

ಮೆದುಗೊಳವೆಯಲ್ಲಿ ಸೂಜಿಮೊನೆಯಷ್ಟು ತೂತಾಗಿದ್ದರೆ ಎಣ್ಣೆ ಕಣ್ಣಿಗೆ ಕಾಣದ ಎಳೆಯಾಗಿ ಚಿಮ್ಮುತ್ತದೆ, ಚರ್ಮ ತೂರಿ ಒಳಗೆ ಹೋಗ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು, ಮೊದಲಿಗೆ ನೋವೂ ಕಡಿಮೆ. ಒಳಗೆ ಮಾಂಸ ಕೊಳೆಯಲು ಶುರುವಾಗ್ತದೆ. ಸೋರುವ ಜಾಗವನ್ನು ಕೈಯಿಂದ ಮುಟ್ಟಿ ಹುಡುಕಲೇಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು. ಹೀಗೆ ಪೆಟ್ಟಾದರೆ ಬ್ಯಾಂಡೇಜ್ ಹಾಕಿ ಮನೆಗೆ ಕಳಿಸುವುದಲ್ಲ, ಕೂಡಲೇ ಆಸ್ಪತ್ರೆಗೆ ಕರಕೊಂಡು ಹೋಗಿ, ಹೆಚ್ಚು ಒತ್ತಡದ ಎಣ್ಣೆ ಚರ್ಮದೊಳಗೆ ಹೋಗಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಬೇಕು. ಕೆಲವೇ ಗಂಟೆ ತಡವಾದರೂ ಬೆರಳು ಉಳಿಯದೆ ಹೋಗಬಹುದು.

ಪಿನ್ನಿನ ಪರೀಕ್ಷೆ

ಮೋಟಾರು ಓಡ್ತಾ ಉಂಟು, ಸಿಲಿಂಡರ್ ಮಾತ್ರ ಕದಲುವುದಿಲ್ಲ. ದೋಷ ಕರೆಂಟಿನದ್ದಾ, ಎಣ್ಣೆಯದ್ದಾ? ಇದನ್ನು ತಿಳಿಯಲು ಹೆಚ್ಚಿನ ಸೊಲೆನಾಯ್ಡ್ ವಾಲ್ವುಗಳ ತುದಿಯಲ್ಲಿ ಒಂದು ಸಣ್ಣ ಪಿನ್ ಇಟ್ಟಿರ್ತಾರೆ. ಅದನ್ನು ಮೊಂಡು ಕಡ್ಡಿಯಿಂದ ಒತ್ತಿದರೆ, ಕಾಯಿಲ್ ಮಾಡಬೇಕಾದ ಕೆಲಸವನ್ನು ಬೆರಳೇ ಮಾಡಿದ ಹಾಗೆ.

ಪಿನ್ ಒತ್ತಿದಾಗ ಸಿಲಿಂಡರ್ ಓಡಿದರೆ ಪಂಪು, ಎಣ್ಣೆ, ಸಿಲಿಂಡರ್ ಸರಿ ಇವೆ. ದೋಷ ಕಾಯಿಲ್‌ನಲ್ಲಿ ಅಥವಾ ಅದಕ್ಕೆ ಬರುವ ಕರೆಂಟಿನ ದಾರಿಯಲ್ಲಿ. ಪಿನ್ ಒಳಗೆ ಹೋಗುವುದೇ ಇಲ್ಲ ಅಂದರೆ ಸ್ಪೂಲ್ ಸಿಕ್ಕಿಹಾಕಿಕೊಂಡಿದೆ. ಪಿನ್ ಹೋಗ್ತದೆ, ಸಿಲಿಂಡರ್ ಓಡುವುದಿಲ್ಲ ಅಂದರೆ ಒತ್ತಡದ ಕಡೆ ನೋಡಬೇಕು. ಕೆಲವು ಮೆಷಿನ್‌ಗಳಲ್ಲಿ ಪಂಪಿನ ಎಣ್ಣೆಯನ್ನು ಸುಮ್ಮನೆ ಟ್ಯಾಂಕಿಗೆ ಬಿಡುವ ಇನ್ನೊಂದು ಸೊಲೆನಾಯ್ಡ್ ವಾಲ್ವ್ ಇರ್ತದೆ. ಅದಕ್ಕೆ ಕರೆಂಟು ಸಿಗದಿದ್ದರೆ ಒತ್ತಡವೇ ಏಳುವುದಿಲ್ಲ. ಆಗ ಪಂಪು ಹೋಯ್ತು ಅಂತ ಬಿಚ್ಚಿದರೆ ಇಡೀ ದಿನ ಹಾಳು.

ಒಂದು ಎಚ್ಚರಿಕೆ. ಪಿನ್ ಒತ್ತಿದರೆ ಗಾರ್ಡ್ ಸ್ವಿಚ್, ಎರಡು ಕೈಯ ಗುಂಡಿ, ಯಾವುದರ ರಕ್ಷಣೆಯೂ ಇರುವುದಿಲ್ಲ. ಸಿಲಿಂಡರಿನ ಹತ್ತಿರ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಒತ್ತಬೇಕು.

ಮೂರು ಫೇಸಿನ ಆಟ

ಕಾರ್ಖಾನೆಗೆ ಬರುವುದು ಮೂರು ಫೇಸ್, ಯಾವ ಎರಡರ ಮಧ್ಯೆ ಅಳೆದರೂ ಸುಮಾರು 415 ವೋಲ್ಟ್ ಇರಬೇಕು. ಅಳೆಯುವಾಗ ಮೂರು ಜೋಡಿಯನ್ನೂ ಅಳೆಯಬೇಕು: ಕೆಂಪು-ಹಳದಿ, ಹಳದಿ-ನೀಲಿ, ನೀಲಿ-ಕೆಂಪು. ಕಾಂಟ್ಯಾಕ್ಟರಿನ ಮೇಲೆಯೂ, ಅದು ಎಳೆದುಕೊಂಡ ಮೇಲೆ ಕೆಳಗೂ. ಮೇಲೆ ಮೂರೂ ಸರಿ ಇದ್ದು ಕೆಳಗೆ ಒಂದು ಕಡಿಮೆ ಬಂದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ. ಒಂದು ಫೇಸ್ ಇಲ್ಲದ ಮೋಟಾರು ‘ಗುಂಯ್’ ಅಂತ ನರಳುತ್ತದೆ, ಬಿಸಿಯಾಗ್ತದೆ, ಓವರ್‌ಲೋಡ್ ರಿಲೇ ಟ್ರಿಪ್ ಆಗ್ತದೆ. ರಿಲೇಯ ಸೆಟ್ಟಿಂಗ್ ಏರಿಸಿ ಮತ್ತೆ ಓಡಿಸುವವರೂ ಇದ್ದಾರೆ. ಅದು ಜ್ವರ ಬಂದ ಮಗುವಿನ ಥರ್ಮಾಮೀಟರನ್ನು ಬಿಸಾಡಿದ ಹಾಗೆ. ಟ್ರಿಪ್ ಆಗುವುದು ನಿಲ್ತದೆ, ಮೋಟಾರು ಸುಡ್ತದೆ.

ಫೇಸ್ ಅದಲುಬದಲಾಗುವುದು ಇನ್ನೊಂದು ತೊಂದರೆ. ಮೋಟಾರು ರಿವೈಂಡಿಂಗ್ ಆಗಿ ಬಂದ ಮೇಲೆ ಅಥವಾ ಲೈನ್ ರಿಪೇರಿ ಆದ ಮೇಲೆ ಮೂರರಲ್ಲಿ ಯಾವುದಾದರೂ ಎರಡು ತಂತಿ ಅದಲುಬದಲಾದರೆ ಮೋಟಾರು ಉಲ್ಟಾ ತಿರುಗ್ತದೆ. ಶಬ್ದದಲ್ಲಿ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ಪಂಪಿಗೆ ಎಣ್ಣೆ ಸಿಗದೆ ಒಣಗಿ ತಿರುಗಿ ಹಾಳಾಗ್ತದೆ. ಅದಕ್ಕೇ ಮೋಟಾರು ಬಿಚ್ಚಿ ಹಾಕಿದ ಮೇಲೆ ಒಂದೇ ಕ್ಷಣ ಆನ್ ಮಾಡಿ ಆಫ್ ಮಾಡಿ, ಫ್ಯಾನು ಬಾಣದ ಗುರುತಿನ ಕಡೆಗೇ ತಿರುಗಿತಾ ಅಂತ ನೋಡುವುದು. ಫೇಸ್ ಉಲ್ಟಾ ಆದರೆ, ಒಂದು ಫೇಸ್ ಹೋದರೆ ಮೋಟಾರನ್ನು ಓಡಲು ಬಿಡದ ಸಣ್ಣ ರಿಲೇಗಳು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗ್ತವೆ. ಒಂದು ಪಂಪಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ.

ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇರುವಲ್ಲಿ ಇನ್ನೊಂದು ಮೋಸ ಉಂಟು. ಮೋಟಾರು ಸ್ಟಾರ್‌ನಲ್ಲಿ ಶುರುವಾಗಿ, ಕೆಲವು ಸೆಕೆಂಡಿನ ಮೇಲೆ ಡೆಲ್ಟಾಕ್ಕೆ ಬದಲಾಗಬೇಕು. ಟೈಮರ್ ಕೆಟ್ಟು ಸ್ಟಾರ್‌ನಲ್ಲೇ ಉಳಿದರೆ ಮೋಟಾರಿಗೆ ಮೂರನೇ ಒಂದು ಭಾಗದಷ್ಟೇ ತಿರುಗುಬಲ. ಖಾಲಿ ಓಡುವಾಗ ಚೆಂದ ಓಡ್ತದೆ. ಪ್ರೆಸ್ ಒತ್ತಲು ಹೋದ ಕೂಡಲೇ ಕುಗ್ಗಿ ನಿಲ್ತದೆ. ನೋಡಿದವರು ಪಂಪನ್ನು ದೂರುತ್ತಾರೆ.

ಸುಟ್ಟ ಕಾಯಿಲ್ ಏನು ಹೇಳ್ತದೆ?

ಕಾಯಿಲ್ ಸುಟ್ಟಿತು, ಹೊಸದು ಹಾಕಿದರು. ಎರಡು ದಿನದಲ್ಲಿ ಅದೂ ಸುಟ್ಟಿತು. ‘ಕಂಪೆನಿ ಮಾಲು ಸರಿ ಇಲ್ಲ’ ಅಂದರು. ಇದು ಶೆಡ್ಡುಗಳಲ್ಲಿ ನಿತ್ಯ ಕೇಳುವ ಮಾತು.

ಎಸಿ ಕಾಯಿಲ್ ಆನ್ ಆದ ಕ್ಷಣದಲ್ಲಿ ಮಾಮೂಲಿಗಿಂತ ಎಷ್ಟೋ ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ಒಳಗಿನ ಕಬ್ಬಿಣದ ಕಡ್ಡಿ ಪೂರ್ತಿ ಒಳಗೆ ಬಂದು ಕೂತ ಮೇಲೆ ಅದು ಇಳಿಯುತ್ತದೆ. ಎಣ್ಣೆಯಲ್ಲಿ ಕಸ ಇದ್ದು ಸ್ಪೂಲ್ ಸಿಕ್ಕಿಹಾಕಿಕೊಂಡರೆ ಕಡ್ಡಿ ಅರ್ಧ ದಾರಿಯಲ್ಲೇ ನಿಲ್ತದೆ, ಕರೆಂಟು ಇಳಿಯುವುದಿಲ್ಲ, ಕಾಯಿಲ್ ಬೆಂದುಹೋಗ್ತದೆ. ಅಂದರೆ ಸುಟ್ಟದ್ದು ಕರೆಂಟಿನ ಸಾಮಾನು, ಸುಟ್ಟದ್ದಕ್ಕೆ ಕಾರಣ ಕೊಳೆಯಾದ ಎಣ್ಣೆ. ಫಿಲ್ಟರ್ ಬದಲಾಯಿಸದೆ, ಸ್ಪೂಲ್ ತೊಳೆಯದೆ ಹತ್ತು ಕಾಯಿಲ್ ಹಾಕಿದರೂ ಹತ್ತೂ ಸುಡ್ತವೆ. ಒಂದೇ ವಾಲ್ವಿನ ಎರಡು ಕಡೆಯ ಎಸಿ ಕಾಯಿಲಿಗೂ ಒಟ್ಟಿಗೆ ಕರೆಂಟು ಬಂದರೂ ಹೀಗೇ ಆಗ್ತದೆ.

ಡಿಸಿ ಕಾಯಿಲ್ ಹಾಗಲ್ಲ. ಅದರ ಕರೆಂಟು ನಿರ್ಧಾರವಾಗುವುದು ತಂತಿಯ ಪ್ರತಿರೋಧದಿಂದ ಮಾತ್ರ. 24 ವೋಲ್ಟಿನ, 30 ವಾಟ್‌ನ ಕಾಯಿಲ್ ಆದರೆ ತಣ್ಣಗಿರುವಾಗ ಸುಮಾರು 19 ಓಮ್ ತೋರಿಸಬೇಕು. ಮೀಟರು ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ. ಎರಡು ಮೂರು ಓಮ್ ಬಂದರೆ ಒಳಗೆ ಶಾರ್ಟ್ ಆಗಿದೆ.

ಮೀಟರ್ ಸುಳ್ಳು ಹೇಳುವುದು ಯಾವಾಗ?

ಕಾಯಿಲಿನ ಪ್ಲಗ್ ತೆಗೆದು ಅಳೆದರೆ ಮೀಟರಿನಲ್ಲಿ ಸರಿಯಾಗಿ 24 ವೋಲ್ಟ್. ಪ್ಲಗ್ ಹಾಕಿದರೆ ಕೆಲಸ ಮಾಡುವುದಿಲ್ಲ. ಹೊಸಬರು ಇಲ್ಲೇ ದಾರಿ ತಪ್ಪುವುದು. ಎಲ್ಲೋ ಒಂದು ಸ್ಕ್ರೂ ಸಡಿಲ ಆಗಿದೆ ಅಥವಾ ಕಾಂಟ್ಯಾಕ್ಟ್ ಕಪ್ಪಾಗಿದೆ. ಮೀಟರು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ, ಅದು ಆ ಕಿರಿದಾದ ದಾರಿಯಲ್ಲೂ ಬರ್ತದೆ. ಕಾಯಿಲಿಗೆ ಬೇಕಾದದ್ದು ಒಂದೂಕಾಲು ಆಂಪಿಯರ್, ಅದು ಬರುವುದಿಲ್ಲ. ಮನೆಯ ನಲ್ಲಿಯಲ್ಲಿ ಹನಿಹನಿ ನೀರು ಬರ್ತದೆ, ಬಕೆಟ್ ಮಾತ್ರ ತುಂಬುವುದಿಲ್ಲವಲ್ಲ, ಹಾಗೆ. ಆದ್ದರಿಂದ ಕಾಯಿಲ್ ಜೋಡಿಸಿಯೇ ವೋಲ್ಟೇಜ್ ನೋಡಬೇಕು. ಆಗ 15 ತೋರಿಸಿದರೆ ಕಳ್ಳ ದಾರಿಯಲ್ಲೇ ಇದ್ದಾನೆ.

ಆ ಕಳ್ಳನನ್ನು ಹಿಡಿಯುವ ಕ್ರಮವೂ ಸರಳ. ಮೀಟರಿನ ಕಪ್ಪು ಕಡ್ಡಿಯನ್ನು ಸೊನ್ನೆ ವೋಲ್ಟಿನ ಟರ್ಮಿನಲ್‌ನಲ್ಲಿ ಇಟ್ಟು, ಕೆಂಪು ಕಡ್ಡಿಯನ್ನು ಎಮರ್ಜೆನ್ಸಿ ಸ್ವಿಚ್, ಗಾರ್ಡ್ ಸ್ವಿಚ್, ಓವರ್‌ಲೋಡಿನ ಕಾಂಟ್ಯಾಕ್ಟ್, ರಿಲೇ ಹೀಗೆ ಒಂದೊಂದೇ ಹೆಜ್ಜೆ ಮುಂದಿಡುತ್ತಾ ಹೋಗುವುದು. ಎಲ್ಲಿ 24 ಬಿದ್ದುಹೋಯ್ತೋ, ಅದಕ್ಕೂ ಹಿಂದಿನ ಬಿಂದುವಿಗೂ ಮಧ್ಯೆ ದೋಷ ಉಂಟು. ಮುಚ್ಚಿದ ಕಾಂಟ್ಯಾಕ್ಟಿನ ಎರಡು ತುದಿಗಳ ಮಧ್ಯೆ ವೋಲ್ಟೇಜ್ ಸೊನ್ನೆಯ ಹತ್ತಿರ ಇರಬೇಕು. ಇದೆಲ್ಲ ಕರೆಂಟು ಇರುವಾಗಲೇ ಮಾಡುವ ಪರೀಕ್ಷೆ. ಅದೇ ಪ್ಯಾನಲ್‌ನಲ್ಲಿ 415 ವೋಲ್ಟೂ ಇರ್ತದೆ ಅನ್ನುವುದು ನೆನಪಿರಲಿ. ಕಲಿತವರು ಬಿಟ್ಟು ಬೇರೆಯವರ ಕೈಗೆ ಇದಲ್ಲ.

ಪಿಎಲ್‌ಸಿ ಇರುವ ಮೆಷಿನ್‌ನಲ್ಲಿ ಸಣ್ಣ ದೀಪಗಳೇ ಸಾಕ್ಷಿ. ಗುಂಡಿ ಒತ್ತಿದಾಗ ಇನ್‌ಪುಟ್ ದೀಪ ಹತ್ತದಿದ್ದರೆ ಗುಂಡಿ, ಲಿಮಿಟ್ ಸ್ವಿಚ್, ಸೆನ್ಸರ್ ಕಡೆಗೆ ಹೋಗಿ. ಇನ್‌ಪುಟ್ ಹತ್ತಿ ಔಟ್‌ಪುಟ್ ಹತ್ತದಿದ್ದರೆ ಬೇರೆ ಯಾವುದೋ ಷರತ್ತು ಪೂರ್ತಿಯಾಗಿಲ್ಲ: ಎಣ್ಣೆಯ ಮಟ್ಟ ಇಳಿದಿರಬಹುದು, ಬಿಸಿ ಏರಿರಬಹುದು, ಪ್ರೆಶರ್ ಸ್ವಿಚ್ ಕೊಡಬೇಕಾದ ಸಂದೇಶ ಕೊಟ್ಟಿರಲಿಕ್ಕಿಲ್ಲ. ಔಟ್‌ಪುಟ್ ದೀಪವೂ ಹತ್ತಿದರೆ ದೋಷ ಅಲ್ಲಿಂದ ಕಾಯಿಲಿನವರೆಗಿನ ದಾರಿಯಲ್ಲಿ.

‘ಬೆಳಿಗ್ಗೆ ಸರಿ ಇತ್ತು, ಮಧ್ಯಾಹ್ನ ಕೈಕೊಟ್ಟಿತು’ ಅನ್ನುವ ದೋಷವೇ ಕಷ್ಟದ್ದು. ಬಿಸಿಯಾದ ಕಾಯಿಲಿನ ಪ್ರತಿರೋಧ ಏರಿ ಎಳೆತ ಕಡಿಮೆಯಾಗಬಹುದು, ಬಿಸಿ ಎಣ್ಣೆ ತೆಳುವಾಗಿ ಒತ್ತಡ ಬಿಟ್ಟಿರಲೂಬಹುದು. ಕೆಟ್ಟ ಹೊತ್ತಿನಲ್ಲೇ ಕಾಯಿಲಿನ ವೋಲ್ಟೇಜನ್ನೂ ಪ್ರೆಶರ್ ಗೇಜನ್ನೂ ಒಟ್ಟಿಗೆ ನೋಡಿದರೆ ಯಾರ ತಪ್ಪು ಅಂತ ಗೊತ್ತಾಗ್ತದೆ. ಮಳೆಗಾಲದಲ್ಲಿ ಪ್ಲಗ್ಗಿನೊಳಗೆ ನೀರು, ಎಣ್ಣೆ ಇಳಿದು ಅರ್ಥ್ ಲೀಕ್ ಆಗುವುದೂ ಉಂಟು. ಆಗ ಮೋಟಾರಿನ ತಂತಿಗಳನ್ನು ಬಿಡಿಸಿ 500 ವೋಲ್ಟಿನ ಮೆಗ್ಗರ್ ಹಾಕಿ ನೋಡ್ತಾರೆ. ಒಂದು ಮೆಗಾಓಮಿಗಿಂತ ಕಡಿಮೆ ಬಂದರೆ ಓಡಿಸಬಾರದು. ಪಿಎಲ್‌ಸಿ, ಸೆನ್ಸರ್ ಜೋಡಿಸಿದ ತಂತಿಗೆ ಮೆಗ್ಗರ್ ಹಾಕಿದರೆ ಅವೇ ಸುಟ್ಟುಹೋಗ್ತವೆ.

ಒಂದು ತುಂಡು ವಯರ್

ಮಾತಿನ ಕೊನೆಗೆ ಕಾಕ ಜೇಬಿನಿಂದ ಗೇಣುದ್ದದ ಒಂದು ವಯರ್ ತೆಗೆದು ಮೇಜಿನ ಮೇಲಿಟ್ಟರು. ಒಂದು ಶೆಡ್ಡಿನ ಪ್ರೆಸ್ಸಿನಿಂದ ಅವರು ಕಳಚಿ ತಂದದ್ದು. ಗಾರ್ಡಿನ ಸ್ವಿಚ್ ಪದೇಪದೇ ಕೈಕೊಡ್ತಿತ್ತು ಅಂತ ಯಾರೋ ಆ ವಯರಿನಿಂದ ಸ್ವಿಚ್ಚಿನ ಎರಡು ಟರ್ಮಿನಲ್ ಜೋಡಿಸಿಬಿಟ್ಟಿದ್ದರು. ಮೆಷಿನ್ ಎರಡು ನಿಮಿಷದಲ್ಲಿ ‘ಸರಿ’ ಆಯ್ತು. ಬಾಗಿಲು ತೆರೆದಿದ್ದರೂ ಪ್ರೆಸ್ ಇಳಿಯತೊಡಗಿತು. ತುಂಡು ತೆಗೆಯಲು ಒಳಗೆ ಕೈ ಹಾಕಿದ್ದ ಹುಡುಗನ ಎರಡು ಬೆರಳು ಹೋಯಿತು.

“ಆ ಸ್ವಿಚ್ ಬದಲಾಯಿಸಲು ಅರ್ಧ ಗಂಟೆ ಸಾಕಿತ್ತು ಉಸ್ತಾದರೇ” ಅಂದರು.

ಓಡುವ ಯಂತ್ರಕ್ಕೆ ಕಾವಲು ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮೇ ಹೇಳಿತ್ತು. ಕಾನೂನಿನ ಮಾತು ಇರಲಿ, ಇದು ಅಮಾನತ್ತಿನ ಮಾತು. ಒಬ್ಬ ಮನುಷ್ಯ ತನ್ನ ಕೈಯನ್ನು ಎಂಟು ಟನ್ನಿನ ಕೆಳಗೆ ಇಡುವುದು ಪ್ಯಾನಲ್ ಕಟ್ಟಿದವನನ್ನು ನಂಬಿ. ದೋಷ ಹುಡುಕುವಾಗ ತಾತ್ಕಾಲಿಕವಾಗಿ ವಯರ್ ಹಾಕುವ ಅನಿವಾರ್ಯ ಬಂದರೂ, ಅದನ್ನು ತೆಗೆಯದೆ ಪ್ಯಾನಲಿನ ಬಾಗಿಲು ಮುಚ್ಚಬಾರದು. ಬೇಡದ ಸಾಮಾನು ಬದಲಾಯಿಸಿ ಬಿಲ್ ಮಾಡುವುದೂ ಇದೇ ಲೆಕ್ಕಕ್ಕೆ ಬರ್ತದೆ. ಕಾರಣ ಗೊತ್ತಾಗದೆ ಕಾಯಿಲ್ ಮಾರಿದವನಿಗೆ ಲಾಭ, ಮಾಲಕನಿಗೆ ನಷ್ಟ, ಮೆಷಿನ್ ಮಾತ್ರ ಇದ್ದ ಹಾಗೇ.

ಕಲಿಯುವುದು ಎಲ್ಲಿ?

ಎಸ್ಸೆಸ್ಸೆಲ್ಸಿ ಆದ ಮಕ್ಕಳಿಗೆ ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷದ ಐಟಿಐ ಕೋರ್ಸು. ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ಸರಕಾರಿ ಐಟಿಐ, ಊರಲ್ಲಿ ಮಂಗಳೂರು ಕದ್ರಿಯ ಸರಕಾರಿ ಐಟಿಐ ಉಂಟು. ಮುಂದೆ ಹೋಗುವವರಿಗೆ ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಶುರುವಾದ ರಾಜಾಜಿನಗರದ ಜಿಟಿಟಿಸಿ ಇದೆ. 1959ರಲ್ಲಿ ತಲಶ್ಶೇರಿಯ ನೆಟ್ಟೂರಿನಲ್ಲಿ ಹುಟ್ಟಿ ಈಗ ಪೀಣ್ಯದಲ್ಲಿ ನೆಲೆನಿಂತ ಎನ್‌ಟಿಟಿಎಫ್ ಕೂಡ ಇದೆ. ಸರ್ಟಿಫಿಕೇಟ್ ಸಿಕ್ಕಿದ ಮೇಲೆ ವಿದ್ಯುತ್ ಪರಿವೀಕ್ಷಣಾ ಇಲಾಖೆಯ ವಯರ್‌ಮನ್ ಪರ್ಮಿಟ್ ಮಾಡಿಸಿಕೊಳ್ಳುವುದು ಒಳ್ಳೆಯದು. ಕರೆಂಟೂ ಹೈಡ್ರಾಲಿಕ್ಕೂ ಎರಡೂ ಗೊತ್ತಿರುವವರು ಕಡಿಮೆ. ಎಲೆಕ್ಟ್ರಿಷಿಯನ್ ‘ಎಣ್ಣೆಯದ್ದು’ ಅಂತಾನೆ, ಫಿಟ್ಟರ್ ‘ಕರೆಂಟಿನದ್ದು’ ಅಂತಾನೆ, ಮೆಷಿನ್ ಮಧ್ಯೆ ನಿಂತಿರ್ತದೆ. ಎರಡನ್ನೂ ಬಲ್ಲ ಹುಡುಗನಿಗೆ ಬನಶಂಕರಿಯಲ್ಲೂ ಕೆಲಸ ಉಂಟು, ಗಲ್ಫಿನಲ್ಲೂ ಉಂಟು.

ಕಲಿತವರಿಗೆ ಕಾಕ ಕೊಡುವ ಬುದ್ಧಿಮಾತು ಒಂದು ನೋಟ್‌ಬುಕ್. ಯಾವ ದಿನ, ಯಾವ ದೋಷ, ಕಾರಣ ಏನು, ಏನು ಮಾಡಿದೆ, ನಾಲ್ಕೇ ಸಾಲು. ಮೆಷಿನಿನ ಪಕ್ಕದಲ್ಲಿ ದಾರಕ್ಕೆ ಕಟ್ಟಿ ನೇತುಹಾಕಿ. ಒಂದು ವರ್ಷದಲ್ಲಿ ಆ ಪುಸ್ತಕವೇ ಮೆಷಿನಿನ ಜಾತಕ ಹೇಳ್ತದೆ.

ಮನೆಯಲ್ಲಿರುವ ತಾಯಂದಿರು, ತಂದೆಯರು ಮಾಡಬಹುದಾದ ಒಂದು ಕೆಲಸವೂ ಉಂಟು. ಮಗ ರಾತ್ರಿ ಊಟಕ್ಕೆ ಕೂತಾಗ ಸಂಬಳ ಯಾವಾಗ ಅಂತ ಕೇಳುವ ಜೊತೆಗೆ ಇದನ್ನೂ ಕೇಳಿ: “ನಿನ್ನ ಮೆಷಿನಿನ ಗಾರ್ಡ್ ತೆಗೆದರೆ ಅದು ನಿಲ್ತದಾ?” ನಿಲ್ಲುವುದಿಲ್ಲ ಅಂದರೆ, ನಾಳೆ ಆ ಸ್ವಿಚ್ ಸರಿ ಮಾಡಿಸಿದ ಮೇಲೆಯೇ ಕೆಲಸ ಶುರು ಮಾಡು ಅಂತ ಹೇಳಿ ಕಳಿಸಿ.